ಶ್ಯಾಮಲಮ್ಮ ಬಿಟ್ಟ ಒಂದು ಮೊಳ ಜಾಗ

ಬೆಳಗಿನ ಪಾಳಿಯ ಹುಡುಗಿಯರನ್ನು ತುಂಬಿಕೊಂಡು ಫ್ಯಾಕ್ಟರಿ ವ್ಯಾನು ಹೊರಟ ಮೇಲೆ ವಠಾರ ಸ್ವಲ್ಪ ಹೊತ್ತು ತೆಪ್ಪಗಾಗುತ್ತದೆ. ಶ್ಯಾಮಲಮ್ಮ ಅದನ್ನೇ ಕಾಯುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡಬ್ಬದ ತುಂಬ ಸುಣ್ಣದ ಪುಡಿ ಹಿಡಿದು, ಸಾಲುಮನೆಗಳ ಕೊನೆಯಲ್ಲಿದ್ದ ಖಾಲಿ ಜಾಗಕ್ಕೆ ಬಂದು ನೆಲದ ಮೇಲೆ ಮನೆ ಬರೆಯಲು ಶುರು ಮಾಡಿದಳು.

ಕಾಗದದ ಪ್ಲಾನಿನಲ್ಲಿ ಅವಳಿಗೆ ನಂಬಿಕೆಯಿಲ್ಲ. ಕಾಗದದ ಮೇಲೆ ಎಲ್ಲರ ಮನೆಯೂ ಚೆಂದವೇ. ಮಗ ಮುನೀಶ್ ಹೊಸೂರಿನಲ್ಲಿ ಬರೆಸಿ ತಂದ ಪ್ಲಾನು ಪಂಚಾಯ್ತಿ ಆಫೀಸಿನವರಿಗೆ ಸಾಕಿತ್ತು, ಅವಳಿಗೆ ಸಾಲದು. ಇಲ್ಲಿ ಬಾಗಿಲು, ಇಲ್ಲಿ ಮಂಚ, ಇಲ್ಲಿ ಒಲೆ ಎಂದು ಗೆರೆ ಎಳೆದು, ಎಳೆದ ಮೇಲೆ ಎಂಬತ್ತು ದಾಟಿದ ಮುದುಕಿಯ ಹಾಗೆ ಬೆನ್ನು ಬಗ್ಗಿಸಿ, ಕೈಯಲ್ಲಿ ಇಲ್ಲದ ಕೋಲನ್ನು ಊರುತ್ತ, ಮಂಚದಿಂದ ಬಚ್ಚಲಿಗೆ ನಡೆದು ನೋಡುತ್ತಿದ್ದಳು. ನಡುವೆ ಕೈ ಆಸರೆಗೆ ಏನೂ ಸಿಗದಿದ್ದರೆ ಕಾಲಿನಿಂದ ಗೆರೆ ಅಳಿಸಿ ಮಂಚವನ್ನೇ ಗೋಡೆಯ ಹತ್ತಿರ ಎಳೆಯುತ್ತಿದ್ದಳು. ನೋಡಿದವರು ಈ ಹೆಂಗಸಿಗೆ ಎಲ್ಲೋ ಗಾಳಿ ಮೆಟ್ಟಿದೆ ಅಂದುಕೊಳ್ಳಬೇಕು.

ಈ ವಿದ್ಯೆ ಅವಳಿಗೆ ಬಂದದ್ದು ಬಾಡಿಗೆದಾರರ ಬಾಯಿಂದ. ನಾಟ್ರಾಂಪಾಳ್ಯದ ಕಾಡಂಚಿನಿಂದ ಮುತ್ತರಾಯಪ್ಪನ ಕೈಹಿಡಿದು ಬಂದಾಗ ಡೆಂಕಣಿಕೋಟೆ ರಸ್ತೆಯ ಈ ಜಾಗ ರಾಗಿ ಹೊಲವಾಗಿತ್ತು. ಫ್ಯಾಕ್ಟರಿಗಳು ಬಂದವು. ಅಕ್ಕಪಕ್ಕದವರು ಹೊಲ ಮಾರಿ ಕಾರು ಕೊಂಡರು, ಆಮೇಲೆ ಕಾರೂ ಮಾರಿದರು. ಶ್ಯಾಮಲಮ್ಮ ಗಂಡನಿಗೆ ಮಾರಲು ಬಿಡಲಿಲ್ಲ. ಹೊಲದ ಮೇಲೆ ಸಾಲಾಗಿ ಮನೆ ಕಟ್ಟಿಸಿ, ಮೊದಲನೆಯದರಲ್ಲಿ ತಾವು ಇದ್ದು, ಉಳಿದವನ್ನು ಬಾಡಿಗೆಗೆ ಕೊಟ್ಟಳು. ಎಲ್ಲದರ ಮೇಲೂ ಒಂದೇ ಉದ್ದನೆಯ ಮೋಲ್ಡು, ಕಾಂಕ್ರೀಟಿನ ಸೂರು. ಮೆಟ್ಟಿಲು ಎತ್ತರವಾಯಿತೆಂದು ಬಸುರಿಯೊಬ್ಬಳು ಬಿದ್ದಾಗ, ಬಚ್ಚಲ ನೀರು ಒಳಗೇ ನಿಂತಾಗ, ಕಿಟಕಿ ತೆಗೆದರೆ ಪಕ್ಕದವರ ಕಾಂಪೌಂಡು ಬಿಟ್ಟು ಬೇರೇನೂ ಕಾಣುವುದಿಲ್ಲವೆಂದು ಬಾಣಂತಿಯೊಬ್ಬಳು ಅತ್ತಾಗ, ತಾನು ಕಟ್ಟಿಸಿದ್ದು ಎಷ್ಟು ತಪ್ಪು ಎಂದು ಅವಳಿಗೆ ಒಂದೊಂದಾಗಿ ತಿಳಿಯಿತು. ಆ ತಪ್ಪುಗಳಲ್ಲಿ ಒಂದೂ ಈ ಕೋಣೆಯಲ್ಲಿ ಆಗಬಾರದು. ಇದು ಅವಳ ಅವ್ವನಿಗೆ.

ಮೇಸ್ತ್ರಿ ಭೈರೇಶ್ ಬಂದು, ಬೀಡಿ ಎಸೆದು, ಗೆರೆಗಳ ಸುತ್ತ ಒಂದು ಸುತ್ತು ಬಂದ.

“ಎಲ್ಲಾ ಸರಿ ಅಕ್ಕಾ. ಲೈನ್ ಮನೆ ಗೋಡೆಗೂ ಈ ಗೋಡೆಗೂ ಮಧ್ಯ ಇದ್ಯಾಕೆ ಒಂದು ಮೊಳ ಬಿಟ್ಟಿದ್ದೀರ? ಇಲಿ ಸಾಕೋಕಾ?”

“ಬಿಡ್ಬೇಕು, ಬಿಟ್ಟಿದ್ದೀನಿ.”

“ಹಳೇ ಗೋಡೆಗೇ ಆನಿಸಿದ್ರೆ ಒಂದು ಗೋಡೆ ಮಿಗ್ತದೆ. ರೂಮೂ ಅಗಲ ಆಯ್ತದೆ. ಹಿಂಗೆ ಸಂದಿ ಬಿಟ್ರೆ ಕಸ ಬೀಳ್ತದೆ, ಹಾವು ಸೇರ್ಕೊಂಬುಡ್ತದೆ.”

“ಭೈರೇಶಾ, ನಿನ್ನ ಕೆಲಸ ಗೋಡೆ ಕಟ್ಟೋದು. ಮಿಗ್ಸೋದಲ್ಲ.”

ಭೈರೇಶ್ ನಕ್ಕ. ಆದರೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಮುತ್ತರಾಯಪ್ಪ ನಗಲಿಲ್ಲ. ಆ ಒಂದು ಮೊಳ ಯಾಕೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವನ ಮುಖ ಗಂಟಿಕ್ಕಿತ್ತು.

ಶ್ಯಾಮಲಮ್ಮನ ತಾಯಿ ಪಿಳ್ಳಮ್ಮ ಮಗಳ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದವಳಲ್ಲ. ಆ ಕಡೆಯ ಹಳಬರ ಕಟ್ಟಳೆ ಅದು. ಹೆಣ್ಣು ಕೊಟ್ಟ ಮೇಲೆ ಆ ಮನೆಯ ಅನ್ನಕ್ಕೆ ಕೈ ಚಾಚಬಾರದು. ಮುನೀಶನ ನಾಮಕರಣಕ್ಕೆ ಬಂದ ದಿನ ಇಡೀ ಊರು ಒಳಗೆ ಎಲೆ ಹಾಕಿ ಉಣ್ಣುತ್ತಿದ್ದರೆ, ಮಗುವಿನ ಅಜ್ಜಿ ಹೊರಗೆ ಹೊಂಗೆ ಮರದ ಕೆಳಗೆ ಕೂತು ತಾನು ಕಟ್ಟಿಕೊಂಡು ಬಂದ ರಾಗಿ ರೊಟ್ಟಿ ತಿಂದಳು. ಕತ್ತಲಾಗುವ ಮೊದಲು ಬಸ್ಸು ಹತ್ತಿದಳು. ಕಣ್ಣಿನ ಪೊರೆ ತೆಗೆಸಲು ಅಳಿಯನೇ ಕೃಷ್ಣಗಿರಿಗೆ ಕರೆದೊಯ್ದು ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದ. ಆಗ ಅವನು ಹೋಟೆಲಿನಿಂದ ತಂದ ಕಾಫಿಯನ್ನು ಚಪ್ಪರಿಸಿ ಕುಡಿದಳು, ಹೋಟೆಲು ಮಗಳ ಮನೆಯಲ್ಲವಲ್ಲ! ಹಿಂದಿರುಗುವಾಗ ಮಾತ್ರ ಮನೆಯ ಮುಂದೆ ಬಸ್ಸು ನಿಂತರೂ ಇಳಿಯಲಿಲ್ಲ.

“ಕೊಟ್ಟ ಹೆಣ್ಣಿನ ಮನೇಲಿ ಕೂತು ಉಂಡ್ರೆ, ಕೊಟ್ಟಿದ್ದನ್ನ ತಿರುಗಿ ತಿಂದಂಗೆ ಕಣವ್ವಾ,” ಎನ್ನುವುದು ಅವಳ ಒಂದೇ ಮಾತು. ಕಂದಾಚಾರ ಎಂದು ನಗುವವರು ನಗಲಿ. ಇಡೀ ಬದುಕಿನಲ್ಲಿ ಯಾರ ಹತ್ತಿರವೂ ಕೈ ಒಡ್ಡದ ಹೆಂಗಸಿಗೆ ಅದೊಂದೇ ಆಸ್ತಿ, ಅದನ್ನು ಬಿಟ್ಟುಕೊಡು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಹೋದ ಸುಗ್ಗಿಯವರೆಗೆ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಗಂಡುಮಕ್ಕಳಿಲ್ಲದ ಪಿಳ್ಳಮ್ಮ ನಾಟ್ರಾಂಪಾಳ್ಯದಲ್ಲಿ ಮೈದುನನ ಮಗ ನಂದೀಶನ ಸಂಸಾರದ ಜೊತೆ ಇದ್ದಳು. ರಾಗಿ ಮನೆಗೆ ಬಂದ ವಾರ, ವಾಸನೆ ಹಿಡಿದು ಬಂದ ಆನೆ ಹಿಂದಿನ ಗೋಡೆಯನ್ನು ಕೆಡವಿ, ಸೊಂಡಿಲು ಹಾಕಿ ಮೂಟೆ ಎಳೆದುಕೊಂಡಿತು. ಮೂಟೆಯ ಪಕ್ಕದಲ್ಲೇ ಪಿಳ್ಳಮ್ಮ ಮಲಗಿದ್ದಳು. ನಂದೀಶನೂ ಹೆಂಡತಿಯೂ ಹೊಲದ ಅಟ್ಟಣೆಗೆ ಉಳಿದ ಪೈರಿನ ಕಾವಲಿಗೆ ಹೋಗಿದ್ದರು. ಗೋಡೆಯ ಮಣ್ಣು ಮೈಮೇಲೆ ಬಿದ್ದರೂ ಮುದುಕಿ ಉಸಿರು ಬಿಗಿ ಹಿಡಿದು ಬೆಳಗಾಗುವವರೆಗೆ ಹಾಗೇ ಮಲಗಿದ್ದಳಂತೆ. ಅಂದಿನಿಂದ ಸೊಂಟ ನೆಟ್ಟಗಾಗಲಿಲ್ಲ. ಗೋಡೆಗೆ ಬಿದಿರಿನ ತಡಿಕೆ ಕಟ್ಟಿದ್ದಾರೆ. ಮತ್ತೆ ಸುಗ್ಗಿ ಬಂದರೆ ಅದೇ ಮನೆಯೊಳಕ್ಕೆ ಮತ್ತೆ ರಾಗಿ ಬರುತ್ತದೆ, ಹಿಂದೆಯೇ ಆನೆ ಬರುತ್ತದೆ.

ಶ್ಯಾಮಲಮ್ಮ ಹೋಗಿ ಕಾಲು ಹಿಡಿದುಕೊಂಡಿದ್ದಳು. ಪಿಳ್ಳಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಕೇಳಿದಳು:

“ನಿನ್ನ ಲೈನಲ್ಲಿ ಬಾಡ್ಗೆಗೆ ಅವ್ರಲ್ಲ, ಅವ್ರು ನಿನ್ನ ಅನ್ನ ಉಣ್ತಾರಾ?”

“ಇಲ್ಲ ಕಣವ್ವಾ. ಅವರವರ ಒಲೆ ಅವರವರಿಗೆ.”

“ಹಂಗಾದ್ರೆ ಬಾಡ್ಗೆಗೆ ಬತ್ತೀನಿ. ನಿನ್ನ ಸೂರಡಿ ಅಲ್ಲ. ಸೂರು ಬೇರೆ, ಒಲೆ ಬೇರೆ. ಮಳೆ ಬಂದ್ರೆ ನಿನ್ನ ಮನೆ ನೀರೂ ನನ್ನ ಮನೆ ನೀರೂ ಬೇರೆ ಬೇರೆ ಬೀಳ್ಬೇಕು. ಮೇಲೆ ಮುಚ್ಚೋಕೆ ಮುಂಚೆ ಕರ್ಕೊಂಡ್ಹೋಗಿ ತೋರ್ಸು. ಕಣ್ಣಲ್ಲಿ ನೋಡಿ ಮಾತು ಕೊಡ್ತೀನಿ.”

ಹೀಗೆ ಹುಟ್ಟಿದ್ದು ಆ ಒಂದು ಮೊಳ. ಸುಗ್ಗಿಗೆ ಮೊದಲು ಕೋಣೆ ಏಳಬೇಕು, ಅವ್ವ ಇಳಿದು ಬರಬೇಕು. ಇಷ್ಟೇ ಶ್ಯಾಮಲಮ್ಮನ ತಲೆಯಲ್ಲಿದ್ದದ್ದು. ಊಟಕ್ಕೆ ಕೂತರೂ ಇದೇ, ನಿದ್ದೆಯಲ್ಲೂ ಇದೇ.

ಮೊದಲ ಜಗಳ ತೆಗೆದವಳು ಕೊನೆಯ ಮನೆಯ ಬಾಡಿಗೆದಾರಳು ಸೆಲ್ವಿ. ಧರ್ಮಪುರಿ ಕಡೆಯ ತಮಿಳು ಹೆಂಗಸು, ಬಾಯಿ ಜೋರು, ಮನಸ್ಸು ಮೆದು. ಖಾಲಿ ಜಾಗದಲ್ಲಿದ್ದ ಒಗೆಯುವ ಕಲ್ಲು ಅವಳ ರಾಜ್ಯವಾಗಿತ್ತು. ಸುಣ್ಣದ ಗೆರೆ ಕಲ್ಲಿನ ನಡುವೆಯೇ ಹಾದುಹೋದದ್ದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

“ಏನಕ್ಕಾ ಇದು? ತುಣಿ ಎಲ್ಲಿ ಒಗೀಲಿ ನಾನು, ನಡುರೋಡಲ್ಲಾ? ಬೇರೆ ಮನೆ ನೋಡ್ಕೋತೀನಿ, ಬಿಡಿ.”

ಶ್ಯಾಮಲಮ್ಮ ಬೈಗುಳವನ್ನು ನುಂಗಿಕೊಂಡು ಗೆರೆಗಳ ನಡುವೆ ಕೂತು ಯೋಚಿಸಿದಳು. ಒಂದು ಮೊಳ ಬಿಟ್ಟರೆ ಕೋಣೆ ಕಲ್ಲಿನ ಮೇಲೆ ಬರುತ್ತದೆ, ಕಲ್ಲು ಬಿಟ್ಟರೆ ಮೊಳ ಹೋಗುತ್ತದೆ. ಕೊನೆಗೆ ಬಚ್ಚಲನ್ನು ಹಿಂದಕ್ಕೆ ಸರಿಸಿ, ಬಾಗಿಲನ್ನು ಬೀದಿಗೆ ತಿರುಗಿಸಿದಳು. ಕಲ್ಲು ಉಳಿಯಿತು. ಕಲ್ಲಿನ ಕಡೆಯ ಗೋಡೆಯಲ್ಲಿ, ಮಂಚದಲ್ಲಿ ಮಲಗಿದವರ ಕಣ್ಣಿನ ಎತ್ತರಕ್ಕೆ, ಒಂದು ಕಿಟಕಿ ಬರೆದಳು.

“ಇಷ್ಟು ಕೆಳಗೆ ಯಾಕಕ್ಕಾ ಕಿಟಕಿ?”

“ನಮ್ಮವ್ವ ಬಿದ್ಕೊಂಡೇ ನಿನ್ನ ನೋಡ್ಲಿ ಅಂತ. ಒಬ್ರ ಮುಖಾನೂ ಕಾಣ್ದೆ ಮಲಗಿದ್ರೆ ವಯಸ್ಸಾದೋರು ಬೇಗ ಹೋಗ್ಬುಡ್ತಾರೆ. ನೀನು ಒಗೀತಾ ಇದ್ರೆ ಬೈಕೊಂಡಾದ್ರೂ ಬದುಕ್ತಾಳೆ.”

ಸೆಲ್ವಿಯ ಕೈ ಸೊಂಟದಿಂದ ಇಳಿಯಿತು. ಬೇರೆ ಮನೆಯ ಮಾತು ಮತ್ತೆ ಬರಲಿಲ್ಲ.

ಗಂಡನ ಜೊತೆಗಿನ ಜಗಳ ಇಷ್ಟು ಸುಲಭದ್ದಲ್ಲ, ಯಾಕೆಂದರೆ ಅವನು ಜಗಳವನ್ನೇ ಆಡಲಿಲ್ಲ. ಪಾಯ ತೋಡಿದಾಗ ಸುಮ್ಮನಿದ್ದ. ಗೋಡೆ ಎದ್ದಾಗಲೂ ಸುಮ್ಮನಿದ್ದ. ಒಂದು ಸಂಜೆ ಮಾತ್ರ ಸಂದಿಯೊಳಗೆ ಕೈ ಇಟ್ಟು ನೋಡಿ ಹೇಳಿದ:

“ನನ್ನ ಸ್ವಂತ ಅವ್ವ ಸತ್ತ ಮೇಲೆ ನಿಮ್ಮವ್ವನ್ನೇ ಅವ್ವ ಅಂದ್ಕೊಂಡಿದ್ದೆ. ಅವಳಿಗೆ ನನ್ನ ಗೋಡೆ ಮುಟ್ಟಿದ್ರೆ ಮೈಲಿಗೆ. ನೋಡಿದೋರು ಏನಂತಾರೆ? ಅತ್ತೇನ ಕರ್ಕೊಂಬಂದು ದನ ಕಟ್ಟಿದಂಗೆ ದೂರ ಕಟ್ಟವ್ನೆ ಅಂತಾರೆ.”

“ಮೈಲಿಗೆ ಅಲ್ಲ ಕಣ್ರೀ. ಅವಳ ಹಟ ಅದು.”

“ಹಟ ಇರೋದು ಅವಳಿಗೊಬ್ಬಳಿಗೇನಾ?”

ಮಾತು ಅಲ್ಲಿಗೆ ನಿಂತಿತು. ಶ್ಯಾಮಲಮ್ಮ ಅದನ್ನು ಮುಗಿಯಿತು ಎಂದುಕೊಂಡಳು. ಗಂಡಸರು ಸುಮ್ಮನಾದರೆ ಒಪ್ಪಿದರೆಂದು ತಿಳಿಯುವುದು ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದ ತಪ್ಪು.

ಗೋಡೆಗಳು ಮುಗಿದು, ಮೋಲ್ಡಿಗೆ ಹಲಗೆ ಹೊಡೆಯುವ ಹೊತ್ತಿಗೆ ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು. ಅಂಚೆಟ್ಟಿ ಕಾಡಿಗೆ ಆನೆಗಳು ಇಳಿದಿವೆ ಎಂದು ನಂದೀಶ್ ಫೋನು ಮಾಡಿದ. ಕಾಂಕ್ರೀಟ್ ಹಾಕುವುದು ಬರುವ ವಾರ ಎಂದು ಭೈರೇಶ್ ಹೇಳಿದ್ದರಿಂದ, ಅವ್ವನಿಗೆ ಸೂರು ತೋರಿಸಿ ಮಾತು ತೆಗೆದುಕೊಳ್ಳೋಣವೆಂದು ಶ್ಯಾಮಲಮ್ಮ ನಾಟ್ರಾಂಪಾಳ್ಯಕ್ಕೆ ಹೊರಟಳು. ಮರುದಿನ ತಾಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಳು. ದಾರಿಯುದ್ದಕ್ಕೂ ಪಿಳ್ಳಮ್ಮ ಪ್ರತಿ ಗುಂಡಿಗೂ ಸೊಂಟ ಹಿಡಿದುಕೊಳ್ಳುತ್ತಿದ್ದಳು, ಆದರೆ ಬಾಯಿಂದ ಒಂದು ಅಯ್ಯೋ ಬರಲಿಲ್ಲ.

ಬಸ್ಸಿನಿಂದ ಇಳಿಯುತ್ತಲೇ ಶ್ಯಾಮಲಮ್ಮನಿಗೆ ಮಿಕ್ಸರ್ ಗರಗರ ತಿರುಗುವ ಸದ್ದು ಕೇಳಿಸಿತು. ಅದು ತನ್ನ ವಠಾರದಿಂದಲೇ ಬರುತ್ತಿತ್ತು. ತಾಯಿಯನ್ನು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸಿ, “ಇಲ್ಲೇ ಇರವ್ವಾ, ಬಂದೆ,” ಎಂದವಳೇ ಓಡಿದಳು.

ಮಿಕ್ಸರ್ ಬೇರೆ ಕೆಲಸದಿಂದ ಬೇಗ ಬಿಡುವಾಗಿ ಸಿಕ್ಕಿದೆಯೆಂದು ಇವತ್ತೇ ಕಾಂಕ್ರೀಟ್ ಹಾಕುತ್ತಿದ್ದರು. ಅದರಲ್ಲಿ ಅನ್ಯಾಯವೇನಿಲ್ಲ. ಆದರೆ ತಲೆ ಎತ್ತಿದ ಶ್ಯಾಮಲಮ್ಮನಿಗೆ ಸಂದಿಯ ಮೇಲಿನ ಆಕಾಶ ಕಾಣಲಿಲ್ಲ. ಒಂದು ಮೊಳದ ಜಾಗದ ಮೇಲೆ ಹಲಗೆ ಹೊದಿಸಿತ್ತು. ಹಲಗೆಯ ಮೇಲೆ ಕಂಬಿಗಳು ಹೊಸ ಕೋಣೆಯಿಂದ ಹೊರಟು ಸಾಲುಮನೆಯ ಮೋಲ್ಡಿನ ಅಂಚಿಗೆ ಬಿಗಿದುಕೊಂಡಿದ್ದವು. ಎರಡು ಸೂರು ಒಂದಾಗಿತ್ತು. ಆಳುಗಳು ಆಚೆಯ ಮೂಲೆಯಿಂದ ಕಾಂಕ್ರೀಟ್ ಸುರಿಯುತ್ತ ಈ ಕಡೆಗೇ ಬರುತ್ತಿದ್ದರು.

“ಭೈರೇಶಾ! ನಿಲ್ಸು!”

“ಕಲಸಿ ಆಗೈತೆ ಅಕ್ಕಾ, ನಿಲ್ಸಂಗಿಲ್ಲ, ಗಟ್ಟಿ ಆಗೋಯ್ತದೆ. ಅಣ್ಣಾವ್ರೇ ಹೇಳಿದ್ರು, ಸಂದಿಗೆ ಮಳೆ ಬೀಳ್ದಂಗೆ ಮುಚ್ಚಾಕು ಅಂತ.”

ಮುತ್ತರಾಯಪ್ಪ ಮೇಲೆಯೇ ನಿಂತಿದ್ದ. ಕೆಳಗೆ ನೋಡಲಿಲ್ಲ.

ಶ್ಯಾಮಲಮ್ಮ ಏಣಿಗೆ ಕೈ ಹಾಕಿದಳು. ಆ ವಯಸ್ಸಿಗೆ, ಆ ಸೀರೆಗೆ, ಅದು ಹತ್ತುವ ಏಣಿಯಲ್ಲ. ಬಿದಿರಿನ ಮೆಟ್ಟಿಲು ಕಿರುಗುಟ್ಟಿತು, ಕೆಳಗಿನಿಂದ ಸೆಲ್ವಿ “ಅಯ್ಯೋ ಅಕ್ಕಾ” ಎಂದು ಏಣಿ ಹಿಡಿದುಕೊಂಡಳು. ಮೇಲೆ ಬಂದವಳು ಕಂಬಿಗಳ ಮೇಲೆ ಕಾಲಿಡುತ್ತ, ಒಂದೆರಡು ಸಲ ಎಡವಿ, ಸರಿಯಾಗಿ ಆ ಸಂದಿಯ ಮೇಲೆ ಹೋಗಿ ನಿಂತಳು. ಕಾಂಕ್ರೀಟ್ ಬಾಂಡ್ಲಿ ಹೊತ್ತ ಆಳು ಅವಳ ಮುಂದೆ ಬಂದು ನಿಂತ. ಸುರಿದರೆ ಅವಳ ಪಾದದ ಮೇಲೆ ಸುರಿಯಬೇಕು.

“ಇಳಿಯೇ ಕೆಳಕ್ಕೆ,” ಎಂದ ಮುತ್ತರಾಯಪ್ಪ. “ಜನ ನೋಡ್ತಾವ್ರೆ.”

“ನೋಡ್ಲಿ. ಈ ಕಂಬಿ ಕತ್ತರಿಸಿ.”

“ಕತ್ತರಿಸಲ್ಲ. ನಾನೇ ಕಟ್ಸಿದ್ದು. ಬಾಡ್ಗೆಗೆ ಇರೋಕೆ ಅವಳೇನು ದಾರಿಹೋಕಳಾ? ನಮ್ಮತ್ತೆ ಅವಳು. ನನ್ನ ಸೂರಡಿ ಇರ್ಲಿ. ಬಂದ ಮೇಲೆ ಒಪ್ಕೋತಾಳೆ.”

“ಒಪ್ಪಲ್ಲ.”

“ಒಪ್ದೆ ಎಲ್ಲಿ ಹೋಗ್ತಾಳೆ ಈ ವಯಸ್ಸಲ್ಲಿ?”

“ಆನೆ ಹತ್ರಕ್ಕೆ ಹೋಗ್ತಾಳೆ!” ಶ್ಯಾಮಲಮ್ಮ ಕಿರುಚಿದಳು. “ಬಸ್ ಸ್ಟಾಪಲ್ಲಿ ಕೂತವಳೆ. ಬಂದು ಇದನ್ನ ನೋಡಿದ್ರೆ ಒಂದು ಮಾತಾಡಲ್ಲ, ತಿರುಗಿ ಬಸ್ಸು ಹತ್ತುತಾಳೆ. ತಡಿಕೆ ಗೋಡೆ ಪಕ್ಕ ರಾಗಿ ಮೂಟೆ ಇಟ್ಕೊಂಡು ಮಲಗ್ತಾಳೆ. ಮದ್ವೆ ಆಗಿ ಬಂದಾಗಿಂದ ನಮ್ಮವ್ವ ಒಂದು ರಾತ್ರಿನಾದ್ರೂ ನನ್ನ ಹತ್ರ ಮಲಗವಳಾ? ಒಂದು ಬೆಳಿಗ್ಗೆ ಎದ್ದು ಅವಳ ಮುಖ ನೋಡಿದ್ದೀನಾ ನಾನು ಈ ಊರಲ್ಲಿ? ನಿಮ್ಗೆ ನಿಮ್ಮ ಮಾನ ಬೇಕು, ಅವಳಿಗೆ ಅವಳ ಮಾನ ಬೇಕು. ನನ್ಗೆ ಎರಡೂ ಬೇಡ. ನನ್ಗೆ ಅವ್ವ ಬೇಕು.”

ಮಿಕ್ಸರ್ ತಿರುಗುತ್ತಲೇ ಇತ್ತು. ಬಾಂಡ್ಲಿ ಹೊತ್ತವನು ಭಾರಕ್ಕೆ ಕಾಲು ಬದಲಿಸಿದ. ಮುತ್ತರಾಯಪ್ಪನಿಗೆ ತುಂಬ ಕೋಪ ಬಂದಿತ್ತು, ಆ ಕೋಪ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ಹೆಂಡತಿ ಅಳುವುದನ್ನು ಅವನು ಕಂಡಿದ್ದ. ಆದರೆ ಹತ್ತು ಜನರ ಎದುರು ಚಿಕ್ಕ ಹುಡುಗಿಯ ಹಾಗೆ ಅವ್ವ ಬೇಕು ಎಂದು ಅತ್ತದ್ದನ್ನು ಕಂಡಿರಲಿಲ್ಲ. ಅವನು ಭೈರೇಶನ ಕಡೆ ಕೈ ಚಾಚಿದ.

“ಕೊಡಲಾ ಆ ಕಟರ್ನ.”

ಅವನೇ ಕುಕ್ಕರುಗಾಲಲ್ಲಿ ಕೂತು ಕಂಬಿ ಕತ್ತರಿಸಿದ. ಕಟ್ಟಿಸಿದ್ದು ತಾನೇ ಆದ್ದರಿಂದ ಎಲ್ಲೆಲ್ಲಿ ಬಿಗಿದಿದೆ ಎಂದು ಅವನಿಗೇ ಚೆನ್ನಾಗಿ ಗೊತ್ತಿತ್ತು. ಭೈರೇಶ್ ಬೈದುಕೊಳ್ಳುತ್ತ ಸಂದಿಯ ಹಲಗೆ ಕಿತ್ತು, ಕೋಣೆಯ ಗೋಡೆಯ ಮೇಲೆ ಅಡ್ಡ ಹಲಗೆ ನಿಲ್ಲಿಸಿ ಮೊಳೆ ಹೊಡೆದ. ಕಾಂಕ್ರೀಟ್ ಅಲ್ಲಿಯವರೆಗೆ ಬಂದು ನಿಂತಿತು.

ಇಳಿದು ನೋಡಿದರೆ ಪಿಳ್ಳಮ್ಮ ಬೆಂಚಿನ ಮೇಲಿರಲಿಲ್ಲ. ಕೋಲೂರಿಕೊಂಡು ಬಂದು ಕಾಂಪೌಂಡಿನ ಗೇಟಿನ ಹೊರಗೆ ನಿಂತಿದ್ದಳು. ಯಾವಾಗ ಬಂದಳು, ಎಷ್ಟು ಕೇಳಿಸಿಕೊಂಡಳು, ಯಾರಿಗೂ ತಿಳಿಯದು. ಅಳಿಯನನ್ನು ಕಂಡು ಸೆರಗು ಸರಿಮಾಡಿಕೊಂಡಳು. ಆಮೇಲೆ ಎರಡು ಗೋಡೆಗಳ ನಡುವಿನ ಸಂದಿಯನ್ನು ಕೆಳಗಿನಿಂದ ಮೇಲಿನವರೆಗೆ ದಿಟ್ಟಿಸಿದಳು.

“ಆಕಾಶ ಕಾಣ್ತದೆ,” ಎಂದಳು. “ಬತ್ತೀನಿ.”

ಅಷ್ಟು ಹೇಳಿ, ಒಂದು ಗುಟುಕು ನೀರನ್ನೂ ಕುಡಿಯದೆ, ಮಧ್ಯಾಹ್ನದ ಬಸ್ಸಿಗೆ ಹೊರಟಳು. ಹೊಸ ಮನೆ ಹಸಿಯಾಗಿತ್ತು, ಹಳೇ ಮನೆ ಮಗಳದ್ದು, ಮುದುಕಿಗೆ ಆ ಊರಿನಲ್ಲಿ ಕಾಲಿಡಲು ಇನ್ನೂ ಜಾಗವಿರಲಿಲ್ಲ. ಕೋಣೆ ಒಣಗಿ ಸಿದ್ಧವಾದ ಮೇಲೆ ನಂದೀಶನ ಟೆಂಪೋದಲ್ಲಿ ಬರುವುದೆಂದು ಮಾತಾಯಿತು.

ಆಮೇಲಿನ ದಿನಗಳು ಶ್ಯಾಮಲಮ್ಮನಿಗೆ ಕೆಂಡದ ಮೇಲೆ ಕೂತಂತಿದ್ದವು. ಕಾಂಕ್ರೀಟನ್ನು ಅವಸರ ಮಾಡಲಾಗುವುದಿಲ್ಲ. ಬೆಳಿಗ್ಗೆ ಸಂಜೆ ಮೋಲ್ಡಿನ ಮೇಲೆ ನೀರು ಕಟ್ಟುವುದು, ನಂದೀಶನಿಗೆ ಫೋನು ಮಾಡುವುದು. ಕೊಯ್ಲು ಶುರುವಾಯಿತು ಎಂದ. ಆನೆಗಳು ಪಕ್ಕದ ಹಳ್ಳಿಯ ಬಾಳೆತೋಟ ತುಳಿದಿವೆ ಎಂದ. ಒಂದು ದಿನ ಫೋನು ಎತ್ತಲೇ ಇಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಬಾಗಿಲಿಗೆ ಬಣ್ಣ ಹೊಡೆಯುವುದನ್ನು ಬಿಟ್ಟು ಫೋನನ್ನು ಒತ್ತುತ್ತಲೇ ಇದ್ದಳು. ಕುಂಚದಿಂದ ಸೋರಿದ ನೀಲಿ ಬಣ್ಣ ಹೊಸ್ತಿಲ ಮೇಲೆ ಒಣಗಿ ಹೋಯಿತು. ಹೊಳೆಯ ಕಡೆ ಸಿಗ್ನಲ್ ಇರಲಿಲ್ಲ ಎಂದು ಕೊನೆಗೆ ನಂದೀಶ್ ಹೇಳಿದಾಗ ಅವನಿಗೆ ಬಾಯಿಗೆ ಬಂದಂತೆ ಬೈದು, ಆಮೇಲೆ ಊಟವಾಯಿತೇನೋ ಅಪ್ಪಾ ಎಂದು ಕೇಳಿದಳು.

ಟೆಂಪೋ ಬಂದದ್ದು ಒಂದು ಸೋಮವಾರದ ಬೆಳಿಗ್ಗೆ. ಚಾಪೆ, ಟ್ರಂಕು, ಮಡಕೆಗಳು, ಕಾಳು ಅಳೆಯುವ ಸೊಲಗೆ, ಒಂದು ಚೀಲ ರಾಗಿ, ಸೊಗಡಿನ ಅವರೆಕಾಯಿಯ ಮೂಟೆ. ಪಿಳ್ಳಮ್ಮ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಒಳಗೆ ಹೋಗಲಿಲ್ಲ. ಚೀಲದ ಬಾಯಿ ಬಿಚ್ಚಿ, ಮೊರದಲ್ಲಿ ಒಂದು ಪಡಿ ರಾಗಿ ತೆಗೆದು ಮಗಳ ಮುಂದೆ ಹಿಡಿದಳು.

“ತಗಾ. ಈ ತಿಂಗಳ ಬಾಡ್ಗೆ.”

ವಠಾರವೆಲ್ಲ ನೋಡುತ್ತಿತ್ತು. ಶ್ಯಾಮಲಮ್ಮನ ಕೈ ಮೇಲೇಳಲಿಲ್ಲ. ಹೆತ್ತ ತಾಯಿಯಿಂದ ಬಾಡಿಗೆ ಹೇಗೆ ತೆಗೆದುಕೊಳ್ಳುವುದು? ಬೇಡವೆಂದರೆ ಟೆಂಪೋ ಇನ್ನೂ ಅಲ್ಲೇ ನಿಂತಿದೆ, ಸಾಮಾನು ಇನ್ನೂ ಇಳಿದಿಲ್ಲ. ಮುದುಕಿ ಹಿಡಿದ ಮೊರವನ್ನು ಇಳಿಸಲಿಲ್ಲ. ಹಿಂದಿನಿಂದ ಮುತ್ತರಾಯಪ್ಪ ಮೆಲ್ಲಗೆ, “ಇಸ್ಕೊಳ್ಳೇ,” ಎಂದ. ಶ್ಯಾಮಲಮ್ಮ ಸೆರಗು ಒಡ್ಡಿ ಇಸಿದುಕೊಂಡಳು.

ಆಗ ಪಿಳ್ಳಮ್ಮ ಬಲಗಾಲು ಇಟ್ಟು ಒಳಗೆ ಹೋದಳು. ಕೈಯಾಸರೆಯ ಕಂಬಿ ಹಿಡಿದು ಬಚ್ಚಲಿಗೆ ಹೋಗಿ ಬಂದಳು, ಮಂಚದ ಮೇಲೆ ಒರಗಿ ಕಿಟಕಿಯಿಂದ ನೋಡಿದಳು, ಹೊರಗೆ ಸೆಲ್ವಿ ಬಟ್ಟೆ ಕುಕ್ಕುತ್ತಿದ್ದಳು. “ಎಷ್ಟು ಸೋಪು ಹಾಕ್ತೀಯೇ ತಾಯಿ,” ಎಂದು ಮೊದಲ ಬೈಗುಳ ಬೈದಳು. ಮುನೀಶ್ ತಂದುಕೊಟ್ಟ ಗುಂಡಿಯ ಫೋನನ್ನು ತಿರುಗಿಸಿ ನೋಡಿ ದಿಂಬಿನ ಕೆಳಗಿಟ್ಟಳು. ಹಾಲು ಉಕ್ಕಿಸಿದಳು. ಬಾಗಿಲು ಮುಂದಕ್ಕೆ ಮಾಡಿಕೊಂಡು ಅಡುಗೆಗೆ ಕೂತಳು. ಸಹಾಯಕ್ಕೆ ಬಂದ ಮಗಳನ್ನು, “ಆಮೇಲೆ ಕರೀತೀನಿ, ಹೋಗು,” ಎಂದು ಕಳಿಸಿಬಿಟ್ಟಳು.

ಶ್ಯಾಮಲಮ್ಮ ತನ್ನ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಅವ್ವ ಬಂದಳು, ಸರಿ. ಆದರೆ ಇನ್ನು ಮುಂದೆ ಅವ್ವ ಬಾಡಿಗೆದಾರಳು, ಬಾಗಿಲು ಹಾಕಿಕೊಂಡರೆ ತಟ್ಟಿ ಒಳಗೆ ಹೋಗಬೇಕು. ಅವ್ವನನ್ನು ಹತ್ತಿರ ತರುವುದಕ್ಕೆಂದು ತಾನೇ ನಿಂತು ಕಟ್ಟಿಸಿದ ದೂರ ಇದು ಎನಿಸಿತು ಅವಳಿಗೆ.

ಮಧ್ಯಾಹ್ನ ಪಿಳ್ಳಮ್ಮ ಕೋಲೂರಿಕೊಂಡು ಬಂದು, ಇವರ ಮನೆಯ ಮೆಟ್ಟಿಲ ಕೆಳಗೇ ನಿಂತು ಕೂಗಿದಳು:

“ಅಳಿಯಂದ್ರೇ, ಮಗಳ್ನ ಕರ್ಕೊಂಡು ಊಟಕ್ಕೆ ಬನ್ನಿ.”

ಬಾಗಿಲಲ್ಲಿ ಕಾಲಿಗೆ ನೀರು ಇಟ್ಟಿತ್ತು. ಒಳಗೆ ಚಾಪೆ ಹಾಸಿತ್ತು. ಬಿಸಿ ಮುದ್ದೆ, ಅವರೆಕಾಳಿನ ಸಾರು, ಬೆಲ್ಲದ ಪಾಯಸ. “ಇನ್ನೊಂದು ಮುದ್ದೆ ಇಕ್ಲಾ, ನಾಚ್ಕೋಬೇಡಿ,” ಎಂದು ಪಿಳ್ಳಮ್ಮ ಎದುರಿಗೆ ಕೂತು ಉಪಚಾರ ಮಾಡಿದಳು. ಮುತ್ತರಾಯಪ್ಪ ತಲೆ ಬಗ್ಗಿಸಿ, ಹೊಸ ಅಳಿಯನ ಸಂಕೋಚದಲ್ಲಿ ಉಂಡ. ಅವನನ್ನು ಯಾರಾದರೂ ಹೀಗೆ ಕರೆದು ಕೂರಿಸಿ ಬಡಿಸಿ ಎಷ್ಟೋ ಕಾಲವಾಗಿತ್ತು. ಕೈ ತೊಳೆಯುವಾಗ ಹೆಂಡತಿಯ ಕಿವಿಯಲ್ಲಿ, “ಗೋಡೆ ಬೇರೆ ಇದ್ದದ್ದೇ ಒಳ್ಳೇದಾಯ್ತು,” ಎಂದ.

ಹೊರಡಲು ಎದ್ದಾಗ ಪಿಳ್ಳಮ್ಮ, “ತಡಿ,” ಎಂದಳು. ಕಿಟಕಿಯಿಂದ ಸೆಲ್ವಿಯನ್ನು ಕೂಗಿ ಕರೆದಳು. “ನಾನು ಗಂಡ ಸತ್ತೋಳು, ಇಡಂಗಿಲ್ಲ. ನೀನು ಮುತ್ತೈದೆ, ಇಡವ್ವಾ.” ಸೆಲ್ವಿ ಒದ್ದೆ ಕೈ ಒರೆಸಿಕೊಂಡು ಶ್ಯಾಮಲಮ್ಮನ ಹಣೆಗೆ ಕುಂಕುಮ ಇಟ್ಟಳು. ಪಿಳ್ಳಮ್ಮ ಟ್ರಂಕಿನಿಂದ ಒಂದೊಂದಾಗಿ ಎತ್ತಿಕೊಡುತ್ತ ಬಂದಳು, ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಬೆಲ್ಲದಚ್ಚು, ಹಸಿರು ಬಳೆ. ಸೆಲ್ವಿ ಒಂದೊಂದನ್ನೇ ಶ್ಯಾಮಲಮ್ಮನ ಮಡಿಲಿಗೆ ಹಾಕಿದಳು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಮಡಿಲು ಅದು.

ಶ್ಯಾಮಲಮ್ಮನಿಗೆ ಆಗ ತಿಳಿಯಿತು, ತಾನು ಕೂತದ್ದು ತವರುಮನೆಯಲ್ಲಿ ಎಂದು. ಇನ್ನು ನಾಳೆಯೂ ಬರಬಹುದು, ನಾಡಿದ್ದೂ ಬರಬಹುದು. ಮಡಿಲು ಹಿಡಿದುಕೊಂಡು ಅವಳು ಮದುವಣಗಿತ್ತಿಯ ಹಾಗೆ ಗಳಗಳನೆ ಅತ್ತಳು. ಪಿಳ್ಳಮ್ಮ ಮಗಳ ಕೆನ್ನೆ ಒರೆಸಿದಳು.

“ಹುಷಾರಾಗಿ ಹೋಗವ್ವಾ. ಮನೆ ಸೇರಿದ್ಮೇಲೆ ಒಂದು ಫೋನ್ ಮಾಡು.”

ಸೆಲ್ವಿ ನಗು ತಡೆಯಲಾರದೆ ಬಾಯಿಗೆ ಸೆರಗು ಮುಚ್ಚಿಕೊಂಡಳು. ಮುತ್ತರಾಯಪ್ಪ ಮುಂದೆ ಮುಂದೆ, ಮಡಿಲು ತುಂಬಿದ ಶ್ಯಾಮಲಮ್ಮ ಹಿಂದೆ ಹಿಂದೆ, ಸಾಲುಮನೆಗಳ ಮುಂದೆ ನಡೆದು ತಮ್ಮ ಮನೆ ಸೇರಿದರು. ಅವಳು ಅಕ್ಕಿಯನ್ನು ದೇವರ ಮುಂದೆ ಸುರಿದು, ಕೂತು, ಫೋನು ಒತ್ತಿದಳು. ಅತ್ತ ಕಡೆ ಬಹಳ ಹೊತ್ತು ರಿಂಗಾಯಿತು. ಯಾವ ಗುಂಡಿ ಒತ್ತಬೇಕೆಂದು ಅವ್ವ ಸೆಲ್ವಿಯನ್ನು ಕೇಳುತ್ತಿದ್ದದ್ದು ತೆರೆದ ಬಾಗಿಲಿನಿಂದಲೇ ಕೇಳಿಸುತ್ತಿತ್ತು.

“ಸೇರಿದ್ಯಾ?”

“ಸೇರ್ದೆ ಕಣವ್ವಾ,” ಎಂದಳು ಶ್ಯಾಮಲಮ್ಮ.